ಮೂಲೆ ಹರಿಯದ ಕಾಗದ

ಸಾಣೆಕಲ್ಲಿನ ಮೇಲೆ ಹನಿ ಹನಿ ನೀರು ಹಾಕಿಕೊಂಡು ಅರಿಷಿಣದ ಕೊಂಬು ತೇಯ್ದೆ. ಸದ್ದಾಗದಂತೆ ತೇಯ್ದೆ. ಅವ್ವ ಹಿತ್ತಲಲ್ಲಿ ಒಲೆ ಹೊತ್ತಿಸುತ್ತಿದ್ದಳು, ಅಪ್ಪ ಎತ್ತುಗಳ ಮೈ ತೊಳೆಯಲು ಹೋಗಿದ್ದ. ತಂಗಿ ಅಮೃತ ಕಂಬಳಿ ಹೊದ್ದು ಮಲಗಿದ್ದಳು. ಅವಳ ತಲೆಯ ಪಕ್ಕದ ಟ್ರಂಕಿನ ಮೇಲೆ ಅವಳ ಪರೀಕ್ಷೆಯ ಫಾರ್ಮು ಇತ್ತು. ಅದನ್ನು ಎರಡೂ ಅಂಗೈ ಮೇಲೆ ಎತ್ತಿಕೊಂಡು ಬಾಗಿಲ ಬೆಳಕಿಗೆ ತಂದು ಮಣೆಯ ಮೇಲಿಟ್ಟೆ. ಉಂಗುರಬೆರಳಿನಿಂದ ನಾಲ್ಕೂ ಮೂಲೆಗೆ ಒಂದೊಂದು ಬೊಟ್ಟು ಹಚ್ಚಿದೆ. ಒಣಗುವ ತನಕ ಸೆರಗಿನಿಂದ ಗಾಳಿ ಹಾಕಿದೆ. ಆಮೇಲೆ ಇದ್ದಲ್ಲೇ ಇಟ್ಟು ಬಂದೆ.

ನಮ್ಮ ಮನೆಗೆ ಬರುವ ಕಾಗದಗಳು ಮೂರು ತರ. ಮೂಲೆಗೆ ಅರಿಷಿಣ ಇದ್ದರೆ ಮದುವೆ, ತೊಟ್ಟಿಲು, ಹೊಸ ಮನೆ. ಒಂದು ಮೂಲೆ ಹರಿದಿದ್ದರೆ ಯಾರೋ ತೀರಿಹೋದರು ಎಂದು ಅರ್ಥ. ಅಂಥದ್ದನ್ನು ಅಂಗಳದಲ್ಲೇ ಓದಿಸಿ, ಅಲ್ಲೇ ಹರಿದು ಹಾಕಿ, ಕಾಲು ತೊಳೆದುಕೊಂಡು ಒಳಗೆ ಬರುತ್ತೇವೆ. ಎರಡೂ ಇಲ್ಲದ್ದು ಸರಕಾರದ್ದು, ಅದನ್ನು ಅಪ್ಪ ತಂತಿಗೆ ಚುಚ್ಚುತ್ತಾನೆ. ಇಷ್ಟು ದೂರ, ದಿಲ್ಲಿಗೆ, ನಮ್ಮ ಹುಡುಗಿಯ ಕಾಗದ ಬರಿ ಹಣೆಯಲ್ಲಿ ಹೊರಟಿದೆಯಲ್ಲ ಎಂದು ನನಗೆ ಕಂಡಿತ್ತು.

ಅಮೃತ ಗುಲಬರ್ಗಾದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ನನಗಿಂತ ಐದು ವರ್ಷಕ್ಕೆ ಚಿಕ್ಕವಳು. ನಾನು ಓದುವಾಗ ನಮ್ಮೂರು ಮಟಕಿಯ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತಿತ್ತು, ನನ್ನ ಓದೂ ಅಲ್ಲಿಗೇ ಮುಗಿಯಿತು. ತಂಗಿ ನಾಲ್ಕು ಮುಗಿಸುವ ಹೊತ್ತಿಗೆ ಶಾಲೆ ವರ್ಷಕ್ಕೊಂದು ತರಗತಿ ಬೆಳೆಯತೊಡಗಿತು. ಅಮೃತ ನಡೆದ ಹಾಗೆಲ್ಲ ಅವಳ ಮುಂದೆ ಒಂದೊಂದು ಕೋಣೆ ಕಟ್ಟುತ್ತಿದ್ದರು. ಈಗ ಅವಳು ದಿಲ್ಲಿಯ ಒಂದು ದೊಡ್ಡ ಮೆಡಿಕಲ್ ಕಾಲೇಜಿನ ಪರೀಕ್ಷೆಗೆ ಕೂರುವವಳಿದ್ದಳು. ದೇಶಕ್ಕೆಲ್ಲ ಸೇರಿ ಐವತ್ತೇ ಸೀಟಂತೆ. ಅವಳ ಮೇಡಮ್ಮು ಯಾರ ಕೈಲೋ ದಿಲ್ಲಿಯಿಂದಲೇ ಫಾರ್ಮು ತರಿಸಿಕೊಟ್ಟಿದ್ದರು. ಒಂದೇ ಒಂದು.

ಅದರ ಮೇಲೆ ಫೋಟೊ ಅಂಟಿಸಿ, ದೊಡ್ಡ ಸರಕಾರಿ ಅಧಿಕಾರಿಯ ಸಹಿ ಮತ್ತು ಶಿಕ್ಕಾ, ಅಂದರೆ ಮೊಹರು, ಹಾಕಿಸಬೇಕಿತ್ತು. ನಮಗೆ ಹತ್ತಿರದಲ್ಲಿ ಸಿಗುವ ಅಂಥ ಅಧಿಕಾರಿ ಎಂದರೆ ದನದ ಡಾಕ್ಟರು. ದನದ ದವಾಖಾನೆಗೆ ಬರಿಗೈಲಿ ಹೋಗುವುದು ಹೇಗೆ ಎಂದು ಅಪ್ಪ ಹಿಂದಿನ ದಿನ ಎಮ್ಮೆ ಹೊಡೆದುಕೊಂಡು ಹೋಗಿದ್ದ. ಹಿಂದೆ ಅಮೃತ, ಅವಳ ಹಿಂದೆ ನಾನು.

"ಏನಾಗ್ಯಾದ ಎಮ್ಮಿಗಿ?" ಎಂದರು ಡಾಕ್ಟರು.

"ಎಮ್ಮಿಗಿ ಏನೂ ಆಗಿಲ್ರಿ. ಮಗಳಿಗಿ ಒಂದ್ ಸಹಿ ಬೇಕಾಗ್ಯಾದ್ರಿ."

ಡಾಕ್ಟರು ಮೇಜು ಹಿಡಿದುಕೊಂಡು ನಕ್ಕರು. ಬಂದಿದ್ದೇ ಬಂದಿದೆ ಎಂದು ಎಮ್ಮೆಗೊಂದು ಸೂಜಿ ಚುಚ್ಚಿದರು. ಕೈ ತೊಳೆದು, ಫೋಟೊದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವಂತೆ ಶಿಕ್ಕಾ ಒತ್ತಿದರು.

ಫಾರ್ಮು ಐದನೆಯ ತಾರೀಕಿಗೆ ದಿಲ್ಲಿ ಮುಟ್ಟಬೇಕು. ರಿಜಿಸ್ಟರ್ ಟಪಾಲು ಎಂಟು ದಿನ ತೆಗೆದುಕೊಳ್ಳುತ್ತದೆ. ಇವತ್ತು ನಾಲ್ಕು ಗಂಟೆಯ ಬಸ್ಸಿಗೆ ಹೋಗುವ ಟಪಾಲು ಚೀಲಕ್ಕೆ ಬೀಳದಿದ್ದರೆ ಮುಗಿಯಿತು. ಇವತ್ತೆಂದರೆ ಎಳ್ಳಮಾಸಿ, ಎಳ್ಳಮಾವಾಸ್ಯೆ. ನಿಂತ ಬೆಳೆಗೆ ಪೂಜೆ ಮಾಡಿ ಅಲ್ಲೇ ಉಣ್ಣಲು ಊರಿಗೆ ಊರೇ ಹೊಲಕ್ಕೆ ಹೋಗುವ ದಿನ.

ಅಪ್ಪ ಅವ್ವ ರೊಟ್ಟಿ ಗಂಟು, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿಯ ಗಡಿಗೆ ಹೇರಿಕೊಂಡು ಬಂಡಿಯಲ್ಲಿ ಮುಂದೆ ಹೋದರು. ಮನೆಯಲ್ಲಿ ಉಳಿದವರು ನಾವಿಬ್ಬರು, ಮತ್ತೆ ಮೊಣಕಾಲು ನೋವಿನ ಆಯಿ, ಅಪ್ಪನ ತಾಯಿ. ಅಮೃತ ಲಕೋಟೆಯ ಮೇಲೆ ವಿಳಾಸ ಬರೆದಳು. ಫಾರ್ಮು ಒಳಗಿಡಲು ಎತ್ತಿದವಳು ಚೀರಿದಳು.

"ಏನಾಯ್ತ ಬೇ? ಚೇಳ ಕಡದಂಗ ಚೀರ್ತಿ," ಎಂದಳು ಆಯಿ.

"ಅರಿಷಿಣ! ಫಾರ್ಮಿಗಿ ಅರಿಷಿಣ ಹಚ್ಯಾರ!" ಅಮೃತ ಜೊತೆಗಿದ್ದ ಇನ್ನೊಂದು ಹಾಳೆ ತೆಗೆದು ಇಂಗ್ಲಿಷಿನಲ್ಲಿ ಏನೋ ಓದಿದಳು. ಆಮೇಲೆ ನಮ್ಮ ಮುಖ ನೋಡಿ ಕನ್ನಡದಲ್ಲಿ ಹೇಳಿದಳು. "ಫಾರ್ಮಿನ ಮ್ಯಾಲ ಬ್ಯಾರೆ ಗುರ್ತು, ಕಲಿ ಏನಿದ್ರೂ ನೋಡಂಗೇ ಇಲ್ಲಂತ. ತಗದ್ ಒಗೀತಾರಂತ."

"ಅರಿಷಿಣಕ್ಕ ಕಲಿ ಅಂತಾರಾ? ಯಾ ಊರ ಮಂದಿ ಅವ್ರು?"

"ನೀನೇ ಹಚ್ಚೀದಿ ಆಯಿ. ನನಗ ಗೊತ್ತದ."

ಆಯಿ ನನ್ನ ಕೈ ನೋಡಿದಳು. ಉಂಗುರಬೆರಳು ಹಳದಿಯಾಗಿತ್ತು. ನಾನು ಮುಷ್ಟಿ ಕಟ್ಟಿದೆ.

"ಹೂಂ, ನಾನೇ ಹಚ್ಚೇನಿ," ಎಂದಳು ಆಯಿ. "ಏನ್ ಮಾಡ್ತಿ? ಫಾಸಿಗಿ ಹಾಕ್ತಿಯೇನ್?"

"ಆಯಿ ಅಲ್ಲ," ಎಂದೆ. ದನಿ ಹೊರಗೆ ಬಂತೋ ಇಲ್ಲವೋ ಗೊತ್ತಾಗದೆ ಇನ್ನೊಂದು ಸಲ ಹೇಳಿದೆ. "ಆಯಿ ಅಲ್ಲ, ನಾನು."

ಅಮೃತ ಬೈದಿದ್ದರೆ ಚೆನ್ನಾಗಿತ್ತು. ಅವಳು ಒದ್ದೆ ಬಟ್ಟೆಯ ತುದಿಯಿಂದ ಒಂದು ಬೊಟ್ಟು ಒರೆಸಿ ನೋಡಿದಳು, ಕಡಲೆಯಷ್ಟಿದ್ದದ್ದು ಬಟಾಣಿಯಷ್ಟಾಯಿತು. ರಬ್ಬರಿನಿಂದ ಉಜ್ಜಿದಳು, ಕಾಗದ ಜುಂಗು ಎದ್ದಿತು. ಅರಿಷಿಣ ಹೋಗುವುದಿಲ್ಲ ಎನ್ನುವುದು ನಮ್ಮ ಮೂವರಿಗೂ ಗೊತ್ತಿದ್ದ ಸಂಗತಿಯೇ.

"ಮೂಲಿ ಹರದ್ ಬಿಡ್ತೇನಿ," ಎಂದಳು ಅಮೃತ. "ನಾಕೂ ಹರದ್ ಬಿಡ್ತೇನಿ."

ಯಾರಾದರೂ ಕೈ ಹಿಡಿದು ಎಬ್ಬಿಸಬೇಕಾದ ಆಯಿ ತಾನೇ ಎದ್ದು ನಿಂತಳು. "ಮೂಲಿ ಹರದ ಕಾಗದ ನನ್ನ ಹೊಸ್ತಿಲ ದಾಟಂಗಿಲ್ಲ! ಅದರ ಮ್ಯಾಲ ಜೀವಂತ ಪೋರಿ ಫೋಟೊ ಅದ. ಖಬರ್ ಅದ ಏನ್ ನಿನಗ?"

"ಅದೆಲ್ಲ ಸುಳ್ಳ ಆಯಿ."

"ಸುಳ್ಳಿದ್ರ ಹರಿ ನೋಡೋಣು."

ಅಮೃತ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. ವಿಜ್ಞಾನ ಓದುವವಳು ಅವಳು. ಅಮಾವಾಸ್ಯೆ, ಹಲ್ಲಿ ಲೊಚಗುಟ್ಟುವುದು ಎಲ್ಲಕ್ಕೂ ನಗುವವಳು. ಮೂಲೆಯ ಪಕ್ಕದಲ್ಲೇ ಅವಳ ಮುಖ ಎರಡು ಜಡೆ ಹಾಕಿಕೊಂಡು ನಮ್ಮನ್ನು ನೋಡುತ್ತಿತ್ತು. ಅವಳ ಬೆರಳು ಹರಿಯಲಿಲ್ಲ. ಬಿಡಲೂ ಇಲ್ಲ.

ನಾನು ಕಾಗದವನ್ನೇ ನೋಡುತ್ತಿದ್ದೆ. ಅಕ್ಷರಗಳು ನಡುವೆ ಇದ್ದವು, ಸುತ್ತ ಬೆರಳಗಲ ಖಾಲಿ. ನಾನು ಪೀರಬಿ ಅತ್ತೆಯ ಹತ್ತಿರ ಹೊಲಿಗೆ ಕಲಿತವಳು, ಓಣಿಯ ಅರ್ಧ ಹೆಂಗಸರ ಕುಪ್ಪಸ ನಾನೇ ಹೊಲಿಯುತ್ತೇನೆ. ಬಟ್ಟೆಯ ಮೂಲೆಗೆ ಕಲೆಯಾದರೆ ಮೂಲೆ ಯಾರೂ ಕತ್ತರಿಸುವುದಿಲ್ಲ.

"ಅಂಚ ತಗದ್ರ ಹ್ಯಾಂಗ?" ಎಂದೆ. "ಸುತ್ತೂ ಕಡಿ ಒಂದೇ ಅಳತಿ. ಮೂಲಿ ಮೂಲಿಯಾಗೇ ಇರ್ತದ."

ಇಬ್ಬರೂ ನನ್ನ ಕಡೆ ತಿರುಗಿದರು. ಆಯಿ ಗೋಡೆ ಹಿಡಿದು ಮತ್ತೆ ಕುಳಿತುಕೊಂಡಳು. "ಅದು ಹರಿಯೂದಲ್ಲ. ಅಂಚ ತಿದ್ದೂದು. ನಡೀತದ."

ಅಮೃತ ಇಂಗ್ಲಿಷ್ ಹಾಳೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. "ಕಾಗದ ಇಷ್ಟೇ ಉದ್ದ ಇರಬೇಕಂತ ಎಲ್ಲೂ ಬರದಿಲ್ಲ," ಎಂದಳು. ಸ್ಕೇಲು ತಂದು ಸಣ್ಣ ಪೆನ್ಸಿಲಿನಿಂದ ಗೆರೆ ಎಳೆದಳು.

ಬಟ್ಟೆಯ ಕತ್ತರಿಯಿಂದ ಕಾಗದ ಕತ್ತರಿಸಬಾರದು, ಬಾಯಿ ಮೊಂಡಾಗುತ್ತದೆ. ಪೀರಬಿ ಅತ್ತೆ ಮೊದಲ ದಿನ ಕಲಿಸಿದ್ದೇ ಅದು. ಮನೆಯಲ್ಲಿ ಬೇರೆ ಕತ್ತರಿ ಇರಲಿಲ್ಲ. ಮೂರು ಕಡೆ ಸುಲಭವಾಗಿ ಬಂತು. ಫೋಟೊ ಇದ್ದ ಬಲಗಡೆ ದನದ ಡಾಕ್ಟರ ಶಿಕ್ಕಾ ಅಂಚಿನ ಹತ್ತಿರಕ್ಕೇ ಬಂದಿತ್ತು. ಒರೆಸಿದ ಅರಿಷಿಣಕ್ಕೂ ಆ ನೇರಳೆ ಗೆರೆಗೂ ನಡುವೆ ಉಗುರಿನಷ್ಟೇ ಜಾಗ. ನಾನು ಬಾಗಿಲ ಕಡೆ ಸರಿದು ಕುಳಿತೆ. ಅಮೃತ ಕಾಗದದ ಆ ತುದಿ ಹಿಡಿದಳು. ಆಯಿ ಕಣ್ಣು ಮುಚ್ಚಿ ಕೊರಳಿನ ಲಿಂಗದ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಕತ್ತರಿಯ ಬಾಯನ್ನು ಪೂರ್ತಿ ಮುಚ್ಚದೆ ಮುಂದೆ ತಳ್ಳುತ್ತಾ ಹೋದೆ. ಮಧ್ಯೆ ನಿಲ್ಲಿಸಿದರೆ ಗೆರೆ ಮುರಿಯುತ್ತದೆ. ನಿಲ್ಲಿಸಲಿಲ್ಲ.

ನಾಲ್ಕನೆಯ ಪಟ್ಟಿ ನನ್ನ ಮಡಿಲಿಗೆ ಬಿತ್ತು.

ಅಮೃತ ಫಾರ್ಮನ್ನು ಬೆಳಕಿಗೆ ಹಿಡಿದಳು. "ಒಂದ್ ಕಡಿ ಕೂದಲೆಳಿಯಷ್ಟು ಸೊಟ್ಟ ಅದ."

"ಎಲ್ಲಿ?" ನಾನು ಕತ್ತರಿ ಬಿಟ್ಟು ಅವಳ ಪಕ್ಕಕ್ಕೆ ಬಗ್ಗಿದೆ.

"ಎಲ್ಲೂ ಇಲ್ಲ. ನೀ ಮುಂಜಾನಿ ಮಾಡಿದ್ದಕ್ಕ ಇಷ್ಟರ ಹೆದರಸಬ್ಯಾಡೇನ್?"

ಆಯಿ ಪಟ್ಟಿಗಳನ್ನು ಆಯ್ದು ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಳು. ಅರಿಷಿಣ ಹತ್ತಿದ್ದು ಯಾರ ಕಾಲಿಗೂ ಸಿಗಬಾರದು.

ಟಪಾಲಿನ ಗೌಸಮೊಹಿದ್ದೀನ ಚಾಚಾನ ಮನೆಯೇ ನಮ್ಮೂರ ಟಪಾಲು ಕಚೇರಿ. ಹೋಗಿ ನೋಡಿದರೆ ಬೀಗ. ಓಣಿಯಲ್ಲಿ ಕೋಳಿಗಳು ಬಿಟ್ಟರೆ ಯಾರೂ ಇರಲಿಲ್ಲ. ಪಕ್ಕದ ಕಟ್ಟೆಯಲ್ಲಿ ಚಾಚಾನ ಅಕ್ಕ ಖುರ್ಷಿದ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು.

"ಅಂವ ಮುಂಜಾನಿಂದ ಹೊಲ ಹೊಲ ತಿರಗ್ಯಾಡಾಕತ್ಯಾನ. ಎಲ್ಲಾರೂ ಕರದಾರ, ಯಾರಿಗೂ ಇಲ್ಲ ಅನ್ನಂಗಿಲ್ಲ. ಕಡೀಕ ನಿಮ್ಮ ಹೊಲಕ್ಕೇ ಹೋಗ್ತೀನಂದಿದ್ದ," ಎಂದಳು.

ನಾವು ಓಡಿದೆವು. ಲಕೋಟೆಯನ್ನು ಅಮೃತ ಎದೆಗೆ ಅವಚಿಕೊಂಡಿದ್ದಳು. ಹಾದಿಯ ಎರಡೂ ಕಡೆ ಬಿಳಿಜೋಳ ನಮಗಿಂತ ಎತ್ತರ ನಿಂತಿತ್ತು, ಒಳಗೆ ಎಲ್ಲೆಲ್ಲೋ ಮಂದಿ ನಗುವುದು ಕೇಳುತ್ತಿತ್ತು. ನಮ್ಮ ಹೊಲದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲಿನ ಮುಂದೆ ಪೂಜೆ ಮುಗಿದಿತ್ತು. ಬಂಡಿಯ ನೆರಳಲ್ಲಿ ಅಪ್ಪ, ಚಾಚಾ ಎದುರುಬದುರು ಕುಳಿತು ಉಣ್ಣುತ್ತಿದ್ದರು. ಅವ್ವ ಚಾಚಾನ ತಾಟಿಗೆ ಸಜ್ಜೆ ಕಡುಬು ಬಡಿಸುತ್ತಿದ್ದಳು.

"ಅರೆ, ಬಾ ಬೇ ಡಾಕ್ಟರಮ್ಮ," ಎಂದ ಚಾಚಾ. "ಕೂಡು, ಉಣ್ಣು."

"ಚಾಚಾ, ರಿಜಿಸ್ಟರ್ ಮಾಡ್ಬೇಕ್ರಿ," ಎಂದಳು ಅಮೃತ, ಏದುಸಿರು ಬಿಡುತ್ತಾ.

"ನಾಳಿಗಿ ಮಾಡೋಣು. ಇವತ್ತ ಸರಕಾರ ಭಜ್ಜಿ ತಿನ್ನಾಕತ್ತಾದ."

ಅಪ್ಪ ನಕ್ಕ, ಅವ್ವ ನಕ್ಕಳು. ಅಮೃತ ಲಕೋಟೆಯನ್ನು ಮುಂದೆ ಚಾಚಿಕೊಂಡೇ ನಿಂತಳು. ಬೆಳಿಗ್ಗೆ ನಾನು ಆ ಕೆಲಸ ಮಾಡದಿದ್ದರೆ ಇದು ಊಟಕ್ಕೆ ಮೊದಲೇ ಆಗಿಹೋಗುತ್ತಿತ್ತು.

"ನಾಕರ ಬಸ್ಸಿಗೇ ಹೋಗ್ಬೇಕ್ರಿ ಚಾಚಾ," ಎಂದೆ. "ಐದನೇ ತಾರೀಕಿಗಿ ದಿಲ್ಲಿ ಮುಟ್ಟಬೇಕು. ನಾಳಿ ಹಾಕಿದ್ರ ಮುಟ್ಟಂಗಿಲ್ಲ. ತಪ್ಪು ನಂದದ, ನಾನೇ ತಡಾ ಮಾಡೇನಿ."

ಅಪ್ಪನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ.

"ಜಗದೇವಪ್ಪ," ಎಂದ ಚಾಚಾ, "ನಿನ್ನ ದೊಡ್ಡ ಮಗಳಿಗಿ ಬಾಯಿ ಅದಂತ ನನಗ ಇವತ್ತೇ ಗೊತ್ತಾಯ್ತು."

"ನನಗೂ," ಎಂದ ಅಪ್ಪ.

ಚಾಚಾ ತಾಟು ಸರಿಸಿ ಎದ್ದ. ಒಂದು ಸಲ ಕೈ ತೊಳೆದು, ಮೂಸಿ ನೋಡಿ, ಇನ್ನೊಂದು ಸಲ ತೊಳೆದ. ಬಂಡಿಯ ಕೆಳಗಿನಿಂದ ಕೈಚೀಲ ಎಳೆದ. ಶಿಕ್ಕಾ, ಮಸಿಡಬ್ಬಿ, ರಸೀತಿ ಪುಸ್ತಕ ಎಲ್ಲ ಅದರಲ್ಲೇ ಇದ್ದವು. ಪಕ್ಕದಲ್ಲಿ ಬಸ್ಸಿಗೆ ಕೊಡುವ ಟಪಾಲು ಚೀಲ. "ಸರಕಾರದ ಶಿಕ್ಕಾ ಖಾಲಿ ಮನ್ಯಾಗ ಬಿಟ್ಟು ಬರಂಗಿಲ್ಲ," ಎಂದು ಅಪ್ಪನಿಗೆ ಹೇಳಿದ, ಯಾರೋ ಕೇಳಿದರೇನೋ ಎಂಬಂತೆ.

ಬಂಡಿಯ ಹಲಗೆಯ ಮೇಲೆ ರಸೀತಿ ಬರೆದ. ಶಿಕ್ಕಾ ಎತ್ತಿದಾಗ ಅಮೃತ "ತಡೀರಿ ಚಾಚಾ" ಎಂದಳು. ಐದು ಕಲ್ಲಿನ ಹತ್ತಿರ ಹೋಗಿ ಪೂಜೆಯ ತಾಟು ತಂದು ನನ್ನ ಮುಂದೆ ಹಿಡಿದಳು.

"ಲಕೋಟಿಗಿ ಹಚ್ಚು ಅಕ್ಕ. ಲಕೋಟಿ ಮ್ಯಾಲ ಹಚ್ಚಬಾರದಂತ ಬರದಿಲ್ಲ. ನೋಡೇನಿ."

ನಾನು ಚಾಚಾನ ಮುಖ ನೋಡಿದೆ.

"ಹಚ್ಚು ಹಚ್ಚು," ಎಂದ. "ವಿಳಾಸದ ಮ್ಯಾಲ ಒಂದ್ ಹಚ್ಚಬ್ಯಾಡ. ದಿಲ್ಲಿ ಬಿಟ್ಟು ಹಳ್ಳಿಗಿ ಹೋದೀತು."

ನಾಲ್ಕು ಮೂಲೆಗೆ ನಾಲ್ಕು ಬೊಟ್ಟು ಹಚ್ಚಿದೆ. ಈ ಸಲ ಎಲ್ಲರೂ ನೋಡುತ್ತಿದ್ದರು. ಒಣಗಲೆಂದು ಅಮೃತ ಊದಿದಳು, ಅವ್ವ ಊದಿದಳು, ಆಮೇಲೆ ಚಾಚಾ ಶಿಕ್ಕಾ ಬಡಿದ. ಹಲಗೆಯ ಮೇಲೆ ಬಿದ್ದ ಆ ಸದ್ದಿಗೆ ಎತ್ತುಗಳು ತಲೆ ಎತ್ತಿದವು. ಲಕೋಟೆ ಟಪಾಲು ಚೀಲಕ್ಕೆ ಬಿತ್ತು.

ಊಟಕ್ಕೆ ಕೂಡದೆ ನಾವಿಬ್ಬರೂ ಚಾಚಾನ ಹಿಂದೆ ರಸ್ತೆಗೆ ನಡೆದೆವು. ಅಮೃತ ರಸೀತಿಯನ್ನು ಮಡಚಿ ನನ್ನ ಕೈಗೆ ಕೊಟ್ಟಳು, "ನಿನ್ನ ಹತ್ರ ಇರ್ಲಿ" ಎಂದು. ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡೆ. ಅಫಜಲಪುರದಿಂದ ಆಳಂದಕ್ಕೆ ಹೋಗುವ ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ಹಬ್ಬವಾದ್ದರಿಂದ ಮುಕ್ಕಾಲು ಖಾಲಿ. ಕಂಡಕ್ಟರ್ ಬಾಗಿಲಲ್ಲಿ ನಿಂತೇ ಚಾಚಾನ ಕೈಯಿಂದ ಚೀಲ ತೆಗೆದುಕೊಂಡ. ಎಸೆಯಲಿಲ್ಲ, ಆದರೆ ಎರಡು ಮಡಿಕೆ ಮಾಡಿ ಸೀಟಿನ ಕೆಳಗೆ ತುರುಕಲು ಬಗ್ಗಿದ. ಸೀಟಿ ಊದಿದ. ಬಸ್ಸು ಹೊರಟಿತು. ನಾನು ಅದರ ಜೊತೆ ನಾಲ್ಕು ಹೆಜ್ಜೆ ಓಡಿದೆ.

"ಯಣ್ಣಾ, ಚೀಲ ಮಡಚಬ್ಯಾಡ್ರಿ, ಒಳಗ ನಮ್ಮ ಹುಡಗಿ ಕಾಗದ ಅದ."