ಚೀನಾಕ್ಕೊಂದು ನಳದ ಅರ್ಜಿ

ಗೋವಾದ ಕೊರ್ಲಿಮ್‌ನ ಕಾರ್ಖಾನೆಗಳ ಹಿಂದಿನ ಗುಡ್ಡದ ಮೇಲೆ ನಲವತ್ತೆರಡು ಮನೆಗಳಿದ್ದವು, ನಳ ಒಂದೂ ಇರಲಿಲ್ಲ. ಅದರ ಬದಲು ಶಿವವ್ವನ ಚೀನಾ ಮೊಬೈಲ್ ಇತ್ತು. ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಕೊಂಡದ್ದು. ಎರಡು ಸಿಮ್ಮು, ನಾಲ್ಕು ಸ್ಪೀಕರು, ಮದುವೆಮನೆಯ ಧ್ವನಿವರ್ಧಕಕ್ಕೂ ನಾಚಿಕೆಯಾಗುವಂಥ ಗಂಟಲು. ನೀರಿನ ಟ್ಯಾಂಕರ್ ಓಡಿಸುವ ಮಲಿಕಸಾಬ ಯಾವತ್ತು ಬರುತ್ತಾನೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಬಂದ ಬೆಳಿಗ್ಗೆ ಗುಡ್ಡದ ಬುಡದಿಂದ ಒಂದು ಮಿಸ್ ಕಾಲ್ ಕೊಡುತ್ತಿದ್ದ. ಕಾರ್ಖಾನೆಯಲ್ಲಿ ಎರಡನೇ ಪಾಳಿ ಮಾಡುವ ಶಿವವ್ವ ಆ ಹೊತ್ತಿಗೆ ಮನೆಯಲ್ಲೇ ಇರುತ್ತಿದ್ದಳು. ಕೂಡಲೇ ಅಂಗಳಕ್ಕೆ ಬಂದು ಮೊಬೈಲಿನಲ್ಲಿ ಹಾಡು ಹಚ್ಚುತ್ತಿದ್ದಳು. ಎರಡನೇ ಚರಣ ಮುಗಿಯುವುದರೊಳಗೆ ಎಲ್ಲ ಮನೆಯ ಕೊಡಗಳೂ ಕೆಳಗೆ ಸಾಲಾಗಿ ನಿಂತಿರಬೇಕು. ಇಲ್ಲವಾದರೆ ಮಲಿಕಸಾಬ ಮುಂದಿನ ವಾಡಿಗೆ ಹೊರಟ.

ನಳ ಬರುವುದಿತ್ತು. ಚುನಾವಣೆಗೆ ಮುಂಚೆ ಬುಡದಿಂದ ತುದಿಯವರೆಗೆ ನೆಲ ತೋಡಿದ್ದರು. ಚುನಾವಣೆ ಮುಗಿಯಿತು, ಪೈಪುಗಳು ಬಂದವು, ಹೋದವು. ಎಲ್ಲಿಗೆ ಹೋದವೆಂದು ಕೇಳಲು 2009ರ ನವೆಂಬರಿನ ಒಂದು ಭಾನುವಾರ ಹೆಂಗಸರು ಲೀಡರ್ ಕಂಠೆಪ್ಪನನ್ನು ಕರೆಸಿದರು. ಕಂಠೆಪ್ಪ ಅವರಂತೆಯೇ ಬಾದಾಮಿ ಕಡೆಯವನು. ಇಪ್ಪತ್ತು ವರ್ಷದ ಹಿಂದೆ ಗೋವಾಕ್ಕೆ ಬಂದು ಬುಟ್ಟಿ ಹೊತ್ತವನು, ಈಗ ಪಂಚಾಯತಿಯವರಿಗೆ ವೋಟು ಹೊರುತ್ತಿದ್ದ.

ಬಂದು ಕುರ್ಚಿಯಲ್ಲಿ ಕೂತ. ನೀರು ಕೇಳಿದ, ಎರಡು ಲೋಟ ಕುಡಿದ, ಮೀಸೆ ಒರೆಸಿಕೊಂಡ.

“ದೇಶ ಗಂಡಾಂತರದಾಗ ಐತಿ,” ಅಂದ.

“ಪೈಪ್ ಎಲ್ಲಿ ಅದಾವ್ರಿ?” ಶಿವವ್ವ ಕೇಳಿದಳು.

“ಪೈಪಿಂದು ಆಮ್ಯಾಲೆ. ಮೊದಲ ದೇಶ. ಈ ಚೀನಾ ಮೊಬೈಲ್ ಅದಾವಲ್ಲ, ಇವಕ್ಕ ಒಳಗ ಗುರುತಿನ ನಂಬರ್ ಇಲ್ಲ. ಈ ತಿಂಗಳು ಮುಗಿದ ಕೂಡ್ಲೇ ಸರ್ಕಾರ ಎಲ್ಲಾ ಬಂದ್ ಮಾಡತೈತಿ. ಅಷ್ಟರಾಗ ನನ್ನ ಕೈಗೆ ಕೊಟ್ಟಬಿಡ್ರಿ. ನೀವು ಮಾತಾಡಿದ್ದೆಲ್ಲಾ ಚೀನಾದವ್ರು ಕುಂತಲ್ಲೇ ಕೇಳಾಕತ್ತಾರ.”

“ಎಲ್ಲಾ ಕೇಳ್ತಾರೇನ್ರಿ?”

“ಹಗಲೂ ರಾತ್ರಿ.”

“ಕನ್ನಡಾನೂ ತಿಳಿತೈತಿ?”

“ಅವ್ರ ಮಷೀನಿಗೆ ತಿಳೀಲಾರದ್ದು ಯಾವ್ದೂ ಇಲ್ಲ ಬೇ.”

ಶಿವವ್ವ ಒಂದು ಕೊಡವನ್ನು ಬೋರಲು ಹಾಕಿ ಅದರ ಮೇಲೆ ಮೊಬೈಲ್ ಇಟ್ಟಳು. ಸೆರಗು ಸರಿಮಾಡಿಕೊಂಡಳು.

“ಚೀನಾದ ಸಾಹೇಬ್ರ, ನಮಸ್ಕಾರ್ರಿ. ನಾ ಶಿವವ್ವ. ಬಾದಾಮಿ ತಾಲೂಕು. ಗಂಡನ ಹೆಸರು...” ಗಂಡನ ಹೆಸರು ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವಳು. ಹಿಂದಿನಿಂದ ಗೌಂಡಿ ಯಮನೂರಪ್ಪ, “ಪರಮಣ್ಣ!” ಎಂದು ಕೂಗಿ ಅರ್ಜಿ ಪೂರ್ತಿ ಮಾಡಿದ.

“ನಮ್ಮ ಗುಡ್ಡಕ್ಕ ನಳ ಇಲ್ರಿ,” ಅಂದಳು ಶಿವವ್ವ.

ಕಂಠೆಪ್ಪ ನಕ್ಕ. ಬೇರೆ ಯಾರೂ ನಗಲಿಲ್ಲ. ಈ ಜನಕ್ಕೊಂದು ರೂಢಿಯಿತ್ತು: ಯಾರೋ ಕೇಳುತ್ತಾರೆಂದು ತಿಳಿದರೆ ಸಾಕು, ಸಾಲು ಹಚ್ಚಬೇಕು, ಕೈಯಲ್ಲಿ ಝೆರಾಕ್ಸ್ ಇರಬೇಕು. ಐದೇ ನಿಮಿಷದಲ್ಲಿ ಮನೆಮನೆಯಿಂದ ಪ್ಲಾಸ್ಟಿಕ್ ಚೀಲಗಳು ಹೊರಬಂದವು. ಯಮನೂರಪ್ಪ ರೇಶನ್ ಕಾರ್ಡಿನ ಪ್ರತಿಯನ್ನು ಮೊಬೈಲಿನ ಕ್ಯಾಮೆರಾಕ್ಕೆ ತೋರಿಸಿ, “ಒರಿಜಿನಲ್ ಪೆಟಗ್ಯಾಗ ಐತ್ರಿ, ಬೇಕಂದ್ರ ತರ್ತೇನಿ,” ಎಂದು ಬೀಜಿಂಗಿಗೆ ಭರವಸೆ ಕೊಟ್ಟ. ಪಕ್ಕದ ಮನೆಯ ದ್ರಾಕ್ಷಾಯಿಣಿಯದು ಬೇರೆಯೇ ಗೋಳು: “ವೋಟರ್ ಲಿಸ್ಟಿನ್ಯಾಗ ನನ್ನ ಗಂಡಸು ಮಾಡ್ಯಾರ್ರಿ. ಎರಡು ಸಲ ವೋಟ್ ಹಾಕೇನಿ, ಇನ್ನೂ ಹೆಣ್ಣು ಮಾಡವಲ್ರು.”

“ಹೊರಗಿನವ್ರ ಮುಂದ ದೇಶದ ಮರ್ಯಾದಿ ತೆಗಿತೀರೇನು?” ಕಂಠೆಪ್ಪ ಕೂಗಿದ. “ಮನಿ ಮಾತು ಮನ್ಯಾಗ ಇರಬೇಕು!”

“ಮನ್ಯಾಗ ಯಾರರ ಕೇಳಿದ್ರ ಹೊರಗ್ಯಾಕ ಹೇಳ್ತಿದ್ವಿ?” ಅಂದಳು ಶಿವವ್ವ.

ಸಾಲಿನ ಕೊನೆಗೆ ಮಂಗಿಬಾಯಿ ನಿಂತಿದ್ದಳು. ಕಂಠೆಪ್ಪನ ಮನೆಯಲ್ಲಿ ಪಾತ್ರೆ ತಿಕ್ಕುವ ಮುದುಕಿ, ಕಿವಿ ಮಂದ. ಯಜಮಾನನಿಗೆ ತಿಳಿಯಬಾರದೆಂದು ಮೊಬೈಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು. ಕಿವಿ ಕೇಳದವರ ಪಿಸುಮಾತು ಗುಡ್ಡದ ಬುಡದವರೆಗೂ ಕೇಳಿಸಿತು.

“ಪೈಪು ಲೀಡರನ ಹಿತ್ತಲದಾಗ ಅದಾವು. ಮ್ಯಾಲೆ ತಾಡಪತ್ರಿ ಮುಚ್ಯಾರ. ನಾ ಹೇಳೇನಂತ ಯಾರಿಗೂ ಹೇಳಬ್ಯಾಡ್ರಿ.”

ಕಂಠೆಪ್ಪ ಕುರ್ಚಿ ಬೀಳುವಂತೆ ಎದ್ದು ಮೊಬೈಲಿನ ಕಡೆ ಕೈ ಚಾಚಿದ. ಶಿವವ್ವ ಅದನ್ನು ಎತ್ತಿ ಕುಪ್ಪಸದೊಳಗೆ ಇಟ್ಟುಕೊಂಡಳು. ದೇಶದ ಭದ್ರತೆ ಅಲ್ಲಿಯವರೆಗೆ ಕೈ ಹಾಕುವಂತಿರಲಿಲ್ಲ. ಕಂಠೆಪ್ಪ ಸ್ಕೂಟರ್ ಒದ್ದು ಹೊರಟುಹೋದ.

ಸರ್ಕಾರ ಅಪರೂಪಕ್ಕೆ ಆಡಿದ ಮಾತು ಉಳಿಸಿಕೊಂಡಿತು. ಡಿಸೆಂಬರ್ ಒಂದಕ್ಕೆ ಮೊಬೈಲಿನ ಸಿಗ್ನಲ್ ಸತ್ತಿತು. ಮೂರನೇ ದಿನ ಮಲಿಕಸಾಬ ಬಂದ, ಮಿಸ್ ಕಾಲ್ ಕೊಟ್ಟ, ಒಂದು ಬೀಡಿ ಮುಗಿಯುವವರೆಗೆ ಕಾದ, ಹೊರಟುಹೋದ. ನಲವತ್ತೆರಡು ಮನೆಗೆ ಹನಿ ನೀರಿಲ್ಲ. ಅಂದು ಶಿವವ್ವ ಕಾರ್ಖಾನೆಯಿಂದ ಕದ್ದು ತಂದ ಎರಡು ಬಾಟಲಿ ನೀರಿನಲ್ಲಿ ಅನ್ನ ಮಾಡಿದಳು. ಮರುದಿನ ಬೆಳಿಗ್ಗೆ ಮುಖ ತೊಳೆಯದೆಯೇ ಕಂಠೆಪ್ಪನ ಮನೆಗೆ ನಡೆದಳು.

ಕಂಠೆಪ್ಪ ಉಪ್ಪಿಟ್ಟು ತಿನ್ನುತ್ತಿದ್ದ. ಶಿವವ್ವ ಮೊಬೈಲನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

“ಸಾಹೇಬ್ರ, ಮತ್ತ ನಾ ಶಿವವ್ವ. ಈಗ ಲೀಡರ್ ಮನ್ಯಾಗ ಅದೀನ್ರಿ. ಹಿತ್ತಲ ಕಡೆ ಹೊಂಟೇನಿ.”

“ಏ ಹುಚ್ಚಿ, ಅದು ಬಂದ್ ಆಗೇತಿ.”

“ನಿಮ್ಮ ಸರ್ಕಾರದ ಕಡೆ ಬಂದ್ ಆಗೇತ್ರಿ. ಅವ್ರ ಕಡೆ ಆಗೇತೋ ಇಲ್ಲೋ ನನಗೇನ್ ಗೊತ್ತು? ಅವ್ರ ಮಷೀನು ಭಾರಿ ಅಂತ ನೀವ ಹೇಳೀರಿ.”

ಕಂಠೆಪ್ಪ ಅಡುಗೆಮನೆಯ ಕಡೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ, ಮೊಬೈಲಿಗೆ ಕೇಳಿಸಬಾರದೆಂದು ಬರೀ ಕೈಸನ್ನೆಯಲ್ಲಿ, ಕೊಟ್ಟು ಕಳಿಸು ಎಂದಳು. ಅವನ ಭಾಷಣವನ್ನು ಇಡೀ ಗೋವಾದಲ್ಲಿ ಪೂರ್ತಿ ನಂಬಿದವಳು ಅವಳೊಬ್ಬಳೇ.

ಮಧ್ಯಾಹ್ನ ಟೆಂಪೋದಲ್ಲಿ ಪೈಪುಗಳು ಬಂದವು. ಹದಿನಾಲ್ಕರಲ್ಲಿ ಹನ್ನೊಂದು, ಉಳಿದ ಮೂರು ಕಂಠೆಪ್ಪನ ಹೊಸ ಕಕ್ಕಸಿನ ಗೋಡೆ ಸೇರಿದ್ದವು. ಯಮನೂರಪ್ಪ ಯಾರನ್ನೂ ಕೇಳದೆ ರಸ್ತೆಯ ದೊಡ್ಡ ಪೈಪಿಗೆ ಜೋಡಿಸಿದ. ದಿನ ಬಿಟ್ಟು ದಿನ ಒಂದು ತಾಸು ನೀರು ಬರತೊಡಗಿತು.

ನಳ ಇರುವುದು ತುದಿಗಿಂತ ಮೂರು ಪೈಪಿನಷ್ಟು ಕೆಳಗೆ. ಅಲ್ಲಿಂದ ಕೊಡ ಹೊತ್ತು ಹತ್ತುವಾಗ ಹೆಂಗಸರು ಕಂಠೆಪ್ಪನ ಕಕ್ಕಸನ್ನು ನೆನೆಯುತ್ತಾರೆ, ಕೊಡಕ್ಕೊಂದು ಸಲ, ಜೋರಾಗಿ.