ಬೆಲ್ಕಿಸಳ ನಾಲ್ಕನೆಯ ಕಡತ

ನನ್ನ ಮಗಳು ಬೆಲ್ಕಿಸ್ ತೀರಿಕೊಂಡು ನಲವತ್ತು ದಿನ ತುಂಬಿ, ಮೌಲಿದ್ ಓದಿಸಿ ಹಲ್ವಾ ಹಂಚಿದ ಮರುದಿನ ನಾನು ಇಸ್ತಾಂಬುಲಿನ ಅವಳ ವಿಶ್ವವಿದ್ಯಾಲಯಕ್ಕೆ ಹೋದೆ. ಅವಳ ಪ್ರಬಂಧವನ್ನು ಹಿಂತೆಗೆಯುವ ಪತ್ರವನ್ನು ವಿಭಾಗದ ಮುಖ್ಯಸ್ಥ ರಿಫ್ಕೀ ಅಂದು ಮಧ್ಯಾಹ್ನ ಕಳಿಸುವವನಿದ್ದ. ಅವಳ ಜೊತೆ ಕೆಲಸ ಮಾಡುತ್ತಿದ್ದ ತುಲಿನ್ ನನಗೆ ಸುದ್ದಿ ಮುಟ್ಟಿಸಿದ್ದಳು. ಅಂಕಿಗಳನ್ನು ಅವಳೇ ಸುಳ್ಳಾಗಿ ಕಟ್ಟಿದ್ದಾಳೆ ಎಂದು ಪತ್ರದಲ್ಲಿತ್ತಂತೆ. ಪ್ರಬಂಧದಲ್ಲಿ ಅವನ ಹೆಸರೂ ಇತ್ತು. ಹೊಗಳಿಕೆ ಬಂದಾಗ ಮುಂದೆ ನಿಂತವನೂ ಅವನೇ.

ಬೆಲ್ಕಿಸ್ ಕಂಡದ್ದು ಒಂದು ಸತ್ತ ನಕ್ಷತ್ರ. ಏಳು ಸೆಕೆಂಡಿಗೊಮ್ಮೆ ಸುತ್ತುತ್ತ ಎಕ್ಸ್-ಕಿರಣ ಮಿಡಿಯುತ್ತದೆ. ಆ ಕಿರಣ ನಮ್ಮ ಗಾಳಿಯನ್ನು ದಾಟಿ ಕೆಳಗಿಳಿಯದು. ಅಂತರಿಕ್ಷದ ದೂರದರ್ಶಕವೇ ಬೇಕು. ಮಿಡಿತ ಎಷ್ಟು ನಿಧಾನವಾಗುತ್ತಿದೆ ಎಂಬುದರಿಂದ ನಕ್ಷತ್ರದ ಕಾಂತಬಲ ತಿಳಿಯುತ್ತದೆ. ನಾಲ್ಕು ತಿಂಗಳಲ್ಲಿ ನಾಲ್ಕು ಸಲ ನೋಡಿ, ಅದು ಮಹಾಕಾಂತ, ಅತಿ ಪ್ರಬಲ ಕಾಂತವಿರುವ ನಕ್ಷತ್ರ, ಎಂದು ಅವಳು ಬರೆದಿದ್ದಳು. ಅವಳು ಹೋದ ಮೇಲೆ ರಿಫ್ಕೀ ಐದನೆಯ ಸಲ ನೋಡಿಸಿದ. ಮಿಡಿತ ಅವಳು ಹೇಳಿದ ಹೊತ್ತಿಗೆ ಬೀಳಲಿಲ್ಲ.

"ಕೂತ್ಕೊಳ್ಳಿ ಅಮ್ಜಾ, ಚಹಾ ತರಿಸ್ತೀನಿ" ಎಂದ ರಿಫ್ಕೀ. ವಯಸ್ಸಾದವರನ್ನು ನಮ್ಮಲ್ಲಿ ಅಮ್ಜಾ, ಚಿಕ್ಕಪ್ಪ, ಎಂದೇ ಕರೆಯುವುದು.

"ನಿಮ್ಮ ಚಹಾ ಬೇಡ. ನನ್ನ ಮಗಳು ಸುಳ್ಳು ಬರ್ದಿದ್ದಾಳೆ ಅಂತ ನನ್ನ ಮುಖ ನೋಡಿ ಹೇಳಿ."

"ನೀವು ರಂಜಾನ್ ವೇಳಾಪಟ್ಟಿ ಮಾಡ್ತಿದ್ದೋರು. ಇದು ಇಫ್ತಾರಿನ ಲೆಕ್ಕ ಅಲ್ಲ."

"ಹೌದು, ಅದೇ ಕೆಲ್ಸ ಮಾಡ್ತಿದ್ದೆ. ನನ್ನ ಲೆಕ್ಕ ತಪ್ಪಿದ್ರೆ ಒಂದಿಡೀ ಊರಿನ ಉಪವಾಸ ಕೆಡ್ತಿತ್ತು. ನಿಮ್ಮದು ತಪ್ಪಿದ್ರೆ ಯಾರ ಹೊಟ್ಟೆ ಉರಿಯುತ್ತೆ?"

ಮೂವತ್ತೊಂದು ವರ್ಷ ನಾನು ಊರೂರಿಗೆ ನಮಾಜಿನ ಹೊತ್ತು ಗುಣಿಸಿದವನು. ಒಂದು ಊರಿನದು ಮುಗಿಸಿ, ಅದರ ಅಕ್ಷಾಂಶ ರೇಖಾಂಶ ಬದಲಿಸದೆ ಮುಂದಿನ ಊರಿಗೆ ಕೈಹಾಕುವುದು ನಮ್ಮವರೆಲ್ಲ ಮಾಡುವ ತಪ್ಪು. ಭೂಮಿ ಸೂರ್ಯನ ಸುತ್ತ ಓಡುತ್ತಿರುವುದರಿಂದ, ಮಿಡಿತ ಮುಟ್ಟಿದ ಹೊತ್ತನ್ನೂ ಹಾಗೆಯೇ ತಿದ್ದಬೇಕು, ಅದಕ್ಕೆ ನಕ್ಷತ್ರದ ದಿಕ್ಕು ಬೇಕು ಎಂದು ಬೆಲ್ಕಿಸ್ ಹೇಳುತ್ತಿದ್ದಳು. ರಿಫ್ಕೀ ತನ್ನ ಕಡತದಲ್ಲಿ ದಿಕ್ಕನ್ನು ತಪ್ಪಾಗಿ ಬರೆದಿರಲಿ ಎಂದು ದಾರಿಯುದ್ದಕ್ಕೂ ಅಲ್ಲಾಹನಲ್ಲಿ ಬೇಡಿಕೊಂಡು ಬಂದಿದ್ದೆ.

"ತುಲಿನ್, ಐದೂ ಕಡತದ ತಲೇಲಿ ಬರ್ದಿರೋ ದಿಕ್ಕು ಓದಮ್ಮ."

ಅವಳು ಓದಿದಳು. ರಿಫ್ಕೀಯದು ಸರಿಯಿತ್ತು. ಬೆಲ್ಕಿಸಳ ಮೊದಲ ಮೂರೂ ಸರಿಯಿದ್ದವು. ನಾಲ್ಕನೆಯದಕ್ಕೆ ತುಲಿನ್ ದನಿ ತಗ್ಗಿತು.

"ಇದು ಬೇರೆ ನಕ್ಷತ್ರದ್ದು ಅಮ್ಜಾ. ಅದಕ್ಕೆ ಮುಂಚೆ ನೋಡ್ತಿದ್ಲಲ್ಲ, ಅದರದ್ದು. ಹತ್ತು ಡಿಗ್ರಿ ಆಚೆಗಿದೆ."

"ನೋಡಿದ್ರಾ?" ಎಂದ ರಿಫ್ಕೀ. ಅವನ ಮುಖ ಅರಳಿತು.

"ತಿದ್ದಿ ಮತ್ತೆ ಲೆಕ್ಕ ಹಾಕು" ಎಂದೆ ತುಲಿನಳಿಗೆ.

ಅರ್ಧ ಗಂಟೆಯಲ್ಲಿ ತುಲಿನ್ ಲೆಕ್ಕ ಮುಗಿಸಿದಳು. ಏಳು ಸೆಕೆಂಡಿನ ಮಿಡಿತ ಹಾಗೇ ಉಳಿಯಿತು. ನಿಧಾನವಾಗುವ ವೇಗ ಹತ್ತನೇ ಒಂದಕ್ಕೆ ಇಳಿಯಿತು, ಕಾಂತಬಲ ಮೂರನೇ ಒಂದಕ್ಕೆ. ಮಹಾಕಾಂತವೆಂಬ ಹೆಸರು ಇನ್ನು ನಿಲ್ಲದು. ಆದರೆ ರಿಫ್ಕೀಯ ಐದನೆಯ ವೀಕ್ಷಣೆ ಅವಳ ನಾಲ್ಕರ ಸಾಲಿನಲ್ಲೇ ಬಂದು ಕೂತಿತು. ಕಟ್ಟಿದ ಅಂಕಿಯಾಗಿದ್ದರೆ ಹಾಗೆ ಕೂರುತ್ತಿರಲಿಲ್ಲ.

"ತಪ್ಪು ತಪ್ಪೇ. ಪ್ರಬಂಧ ವಾಪಸ್ ಹೋಗ್ಲೇಬೇಕು" ಎಂದ ರಿಫ್ಕೀ.

"ಹೋಗ್ಲಿ. ಕಟ್ಟಿದ ಅಂಕಿ ಅನ್ನೋದನ್ನ ಅಳಿಸಿ."

"ಮತ್ತೇನು ಬರೀಲಿ? ಮಗಳು ತಪ್ಪು ಮಾಡಿದ್ಲು ಅಂತ ನೀವೇ ಬರ್ದ್ಕೊಡ್ತೀರಾ?"

ನಾನು ಕಾಗದ ಕೇಳಿ ಬರೆದೆ: ನಾಲ್ಕನೆಯ ವೀಕ್ಷಣೆಯನ್ನು ಬೆಲ್ಕಿಸ್ ಬೇರೆ ನಕ್ಷತ್ರದ ದಿಕ್ಕಿನಿಂದ ತಿದ್ದಿದ್ದಾಳೆ, ತಪ್ಪು ಅವಳದು, ಮಿಡಿತ ನಿಜ. ಅವನು ಅದನ್ನೇ ಬೆರಳಚ್ಚಿಸಿ, ನನ್ನೆದುರೇ ಕಳಿಸಿದ.

ಬಾಗಿಲವರೆಗೆ ಹಿಂದೆಯೇ ಬಂದ. ಕೈ ಚಾಚಿ, "ನಿಮ್ಮ ಹಕ್ಕು ಹಲಾಲ್ ಮಾಡಿಬಿಡಿ ಅಮ್ಜಾ. ಮನಸ್ಸಲ್ಲಿ ಇಟ್ಕೋಬೇಡಿ" ಎಂದ. ನಮ್ಮಲ್ಲಿ ಹಾಗೆ, ಮಾಡಿದ ಅನ್ಯಾಯದ ಋಣವನ್ನು ಬಿಟ್ಟುಕೊಡಿ ಎಂದು, ಕೇಳಿದವರಿಗೆ ಇಲ್ಲವೆನ್ನುವುದಿಲ್ಲ.

"ನೀವು ಸುಳ್ಳಿ ಅಂದದ್ದು ನನ್ನನ್ನಲ್ಲ, ಅವಳನ್ನ. ಹಕ್ಕು ಅವಳದು. ಹಷ್ರಿನ ದಿನ, ಸತ್ತವರೆಲ್ಲ ಎದ್ದಾಗ, ಅವಳನ್ನೇ ಕೇಳ್ಕೊಳ್ಳಿ" ಎಂದು ಕೈ ಮುಟ್ಟದೆ ಮೆಟ್ಟಿಲಿಳಿದೆ.