ವರ್ಷಕ್ಕೊಮ್ಮೆ

ಕಂಡಕ್ಟರನ ಮೀಸೆ ಕಾಣುತ್ತಿದೆ, ಮೀಸೆಯಂಚಿನ ಬೆವರೂ ಕಾಣುತ್ತಿದೆ, ಅವನು ಚಾಚಿದ ಟಿಕೆಟ್ಟು ಮಾತ್ರ ಎಲ್ಲಿದೆಯೋ, ಕರಿಬಸಮ್ಮ ಗಾಳಿಯಲ್ಲಿ ಕೈಯಾಡಿಸಿದಳು, ತಗಳಮ್ಮ ಇಲ್ಲೈತೆ ಎಂದು ಅವನೇ ಬೆರಳ ಸಂದಿಗೆ ತುರುಕಿ ಹೋದ, ತರೀಕೆರೆ ದಾಟಿ ಬಸ್ಸು ಅಜ್ಜಂಪುರದ ಕಡೆ ಹೊರಳಿದೆ, ಪಕ್ಕದಲ್ಲಿ ಅಣ್ಣ ಪಂಚಾಕ್ಷರಪ್ಪ, ಕತ್ತು ತಿರುಗಿಸಿದರೆ ಕಾಣುತ್ತಾನೆ, ತಿರುಗಿಸುವುದಿಲ್ಲ, ಅವನ ಮೈಯಿಂದ ಕೊಬ್ಬರಿ ಅಂಗಡಿಯ ವಾಸನೆ, ಚಿಕ್ಕವಳಿದ್ದಾಗ ಆ ವಾಸನೆ ಬಂದರೆ ಸಾಕು ಅಣ್ಣ ಬಂದ ಎಂದು ಓಡುತ್ತಿದ್ದಳು — ಅಪ್ಪನಿಗೂ ಹೀಗೇ, ಮೊದಲು ಅಕ್ಕಪಕ್ಕದ್ದು ಹೋಯಿತು, ಆಮೇಲೆ ಎದುರಿನದ್ದು, ಕೊನೆಗೆ ತಟ್ಟೆ ತಡವಿ ಮುದ್ದೆ ಹುಡುಕುತ್ತಿದ್ದ, ವಯಸ್ಸಾಯ್ತಲ್ಲ ಎಂದರು ಎಲ್ಲರೂ, ಅಪ್ಪನಿಗೆ ಆಗಿನ್ನೂ ಐವತ್ತಾಗಿರಲಿಲ್ಲ, ತನಗೀಗ ನಲವತ್ತೂ ಇಲ್ಲ.

ಎರಡೆರಡು ಸಲ ಬಾಗಿಲಿಗೆ ಭುಜ ಬಡಿದ ಮೇಲೆ, ತರೀಕೆರೆಗೆ ಅಣ್ಣನ ಮನೆಗೆಂದು ಬಂದವಳು ಇವತ್ತು ಬೆಳಿಗ್ಗೆ ಅವನು ಅಂಗಡಿಗೆ ಹೋದದ್ದು ನೋಡಿ ಒಬ್ಬಳೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು, ಹೆಸರು ಕೇಳಿದವರು ಅಪ್ಪನ ಹೆಸರೂ ಕೇಳಿದರು, ಓ, ಪಂಚಾಕ್ಷರಪ್ಪನವರ ತಂಗೀನಾ, ಅವರು ವರ್ಷಕ್ಕೊಂದ್ಸಲ ತಪ್ಪದೆ ಬಂದು ಕಣ್ಣಿನ ಒತ್ತಡ ನೋಡಿಸ್ಕೊಂಡು ಹೋಗ್ತಾರಲ್ಲ, ಕಡೂರಿನ ಕಣ್ಣಿನ ಕ್ಯಾಂಪಲ್ಲೇ ಅವರಿಗೆ ಹೇಳಿದ್ದೆ, ಇದು ರಕ್ತದಲ್ಲಿ ಬರೋ ಕಾಯಿಲೆ, ನೋವಿರಲ್ಲ, ಗೊತ್ತಾಗೋದೇ ಇಲ್ಲ, ಅಣ್ಣ ತಂಗಿ ಇಬ್ಬರೂ ವರ್ಷಾ ವರ್ಷಾ ತೋರಿಸ್ಕೊಬೇಕು ಅಂತ, ನೀವ್ಯಾಕಮ್ಮ ಬರಲಿಲ್ಲ, ಹೋಗಿರೋ ದೃಷ್ಟಿ ವಾಪಸ್ ಬರಲ್ಲ, ಹನಿ ಬಿಟ್ಕೊಂಡು ಇರೋದನ್ನ ಉಳಿಸ್ಕೊಳ್ಳಿ, ಮಕ್ಕಳಿದ್ರೆ ತಡ ಮಾಡ್ಬೇಡಿ, ಈಗ್ಲೇ ಕರ್ಕೊಂಡು ಬನ್ನಿ.

ಕಡೂರು ಕ್ಯಾಂಪು. ಶಾಲೆಯ ಜಗಲಿ, ಲಂಗದಾವಣಿಯ ತಾನು, ಅಣ್ಣ ಡಾಕ್ಟರ ಕೋಣೆಯಿಂದ ಹೊರಗೆ ಬಂದ, ಟವಲಿನಿಂದ ಮುಖ ಒರೆಸಿಕೊಂಡ, ಟವಲು ಕೆಳಗಿಳಿದಾಗ ನಗುತ್ತಿದ್ದ, ಏನೂ ಇಲ್ಲ ಕಣೇ, ಬಂಗಾರದಂಥ ಕಣ್ಣು, ಇನ್ನು ಈ ಕಡೆ ತಲೇನೇ ಹಾಕ್ಬ್ಯಾಡ, ಆ ವಾರವೇ ಅಜ್ಜಂಪುರದಿಂದ ಗಂಡು ಬಂದದ್ದು, ಸರಿ, ಮದುವೆಗೆ ಮುಂಚೆ ಬಾಯಿ ಬಿಡಲಿಲ್ಲ, ಆಮೇಲೆ? ಮಗಳು ಮಲ್ಲಿ ಹುಟ್ಟಿದ ಮೇಲೆ? ಹಬ್ಬಕ್ಕೆ ಸೀರೆ ಹಿಡಿದು ಬಂದಾಗೆಲ್ಲ ಅದೇ ನಗು ನಕ್ಕು, ತನ್ನ ಕಣ್ಣು ಮಾತ್ರ ತೋರಿಸಿಕೊಂಡು ಬಂದು, ಈ ಕಣ್ಣೊಳಗೇ ನೋಡುತ್ತ ಚೆನ್ನಾಗಿದೀಯೇನೇ ಎಂದನಲ್ಲ —

ಯಾಕೆ ಕರಿಬಸಿ, ಮಾತೇ ಇಲ್ಲ. ಡಾಕ್ಟ್ರ ಹತ್ರ ಹೋಗಿದ್ದೆ ಕಣಣ್ಣ. ಬಸ್ಸು ಏರು ಹತ್ತುತ್ತಿದೆ, ಗೇರು ಕಿರುಗುಟ್ಟಿತು, ಪಕ್ಕದಿಂದ ಸಣ್ಣ ದನಿ, ನಿನ್ ಒಳ್ಳೇದಕ್ಕೇ ಕಣೇ, ಹೇಳಿದ್ರೆ ಆ ಸಂಬಂಧ ಕೂಡ್ತಿತ್ತಾ, ಕುರುಡನ ಮಗಳಿಗೂ ಅದೇ ಐತೆ ಅನ್ನೋರು. ನಿಂಗೆ ಮಾತ್ರ ವರ್ಷಾ ವರ್ಷಾ ಬೇಕಾಯ್ತು. ಕೊಬ್ಬರಿ ವಾಸನೆ ಇನ್ನೂ ಹತ್ತಿರ ಬಾಗಿತು, ನೋಡು, ಮಲ್ಲಿ ವಿಷ್ಯ ಈಗ ಎತ್ತಬ್ಯಾಡ, ನಾಳೆ ಗಂಡಿನ ಕಡೆಯೋರು ಬತ್ತಾರೆ, ಮದ್ವೆ ಒಂದು ಆಗ್ಲಿ, ಆಮೇಲೆ ತೋರ್ಸಿದ್ರಾಯ್ತು — ಅದೇ ದನಿ, ಅದೇ ಅಕ್ಕರೆ, ತನ್ನನ್ನು ಕೊಂದ ಅಕ್ಕರೆ ಈಗ ಮಗಳ ತಲೆ ಸವರುತ್ತಿದೆ, ನಾಳೆ ಮೊದಲ್ನೇ ಬಸ್ಸಿಗೆ ಮಲ್ಲೀನ ಕರ್ಕೊಂಡು ನಾನು ಡಾಕ್ಟ್ರ ಹತ್ರ ಹೋಗ್ತೀನಿ, ಬಂದೋರಿಗೆ ನೀನೇ ಹೇಳು, ಹುಡುಗಿ ಎಲ್ಲಿಗೆ ಹೋದ್ಲು, ಯಾಕೆ ಹೋದ್ಲು ಅಂತ, ಸುಳ್ಳು ಹೇಳಿದ್ರೆ ನಾನೇ ಹೇಳ್ತೀನಿ, ತನ್ನ ದನಿ ಇಷ್ಟು ದೊಡ್ಡದಾಗಿತ್ತೇ, ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದಾರೆ, ನೋಡಲಿ, ಅವಳೂ ಕತ್ತು ತಿರುಗಿಸಿದಳು, ಅಣ್ಣ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾನೆ, ಅಳುತ್ತಿದ್ದಾನೋ ಬೆವರೋ, ಟವಲು ಮೆಲ್ಲಗೆ ಕೆಳಗಿಳಿಯುತ್ತಿದೆ, ಶಾಲೆಯ ಜಗಲಿ, ಟವಲು, ಅದರ ಹಿಂದಿನಿಂದ ಮೂಡಿ ಬರುವ ಆ ನಗು, ಪೂರ್ತಿ ಕಣ್ಣಿನಿಂದ ನೋಡಿ ಪೂರ್ತಿ ನಂಬಿದ್ದ ಆ ನಗು, ಟವಲು ಇಳಿಯುತ್ತಿದೆ, ಆ ನಗು ಮತ್ತೆ ಬಂದೀತೇ —